ನಕ್ಷೆಯಲ್ಲಿ ಯಾರ ಹೆಸರಿದೆ?

ಕಳೆದ ತಿಂಗಳು ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಹಬ್ಬಕ್ಕಲ್ಲ, ಪೋಡಿಗೆ. ಅಪ್ಪ, ದೊಡ್ಡಪ್ಪ ಇಬ್ಬರ ಹೆಸರಲ್ಲಿ ಜಂಟಿಯಾಗಿದ್ದ ಜಮೀನನ್ನು ಅಳೆದು ಬೇರೆ ಬೇರೆ ಮಾಡಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಸರ್ವೆಯರ್ ಬಂದರು. ಚೀಲದಿಂದ ಸರಪಳಿ ತೆಗೆದು, "ಇನ್ನೊಂದು ತುದಿ ಹಿಡಿಯೋಕೆ ಯಾರಾದ್ರೂ ಬನ್ನಿ" ಅಂದರು.

ಹಿಡಿಯೋಕೆ ಬಂದವರು ನಮ್ಮ ಹೊಲದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವರು. ನಾನು ಚಿಕ್ಕಂದಿನಿಂದ ಅವರನ್ನ ಮಾವ ಅಂತಲೇ ಕರೆಯೋದು. ಯಾವ ಬಾಂದುಕಲ್ಲು ಯಾವ ಪೊದೆಯೊಳಗೆ ಮುಚ್ಚಿಹೋಗಿದೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ. ಮಾವ ಕುಡುಗೋಲಿನಲ್ಲಿ ಬಳ್ಳಿ ಸರಿಸಿ ಒಂದೊಂದನ್ನೇ ತೋರಿಸಿದರು. ಅವರಿಲ್ಲದಿದ್ದರೆ ಆವತ್ತು ಅಳತೆ ಮುಗಿಯುತ್ತಲೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂಲೆಯಲ್ಲಿದ್ದ ಹೆಂಚಿನ ಮನೆ ಹತ್ತಿರ ಬಂದೆವು. ಮಾವನ ಮನೆ. ಸರ್ವೆಯರ್ ಕೇಳಿದರು: "ಇದು ಯಾರದ್ದು?"

ದೊಡ್ಡಪ್ಪ ಹೇಳಿದರು: "ಅದೇನಿಲ್ಲ ಸಾರ್, ನಮ್ ಜಾಗದಲ್ಲೇ ಸುಮ್ನೆ ಇದಾರೆ. ಬರೆಯೋದೇನೂ ಬೇಡ."

ಮಾವ ಏನೂ ಹೇಳಲಿಲ್ಲ, ಸರಪಳಿ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು. ನಾನೂ ಏನೂ ಹೇಳಲಿಲ್ಲ. ಫೋನ್ ತೆಗೆದು ಬರದ ಮೆಸೇಜನ್ನು ಓದುವ ಹಾಗೆ ನಟಿಸಿದೆ.

ವಾಪಸ್ ಬರುವಾಗ ಬಸ್ಸಲ್ಲಿ ನಿದ್ದೆ ಬರಲಿಲ್ಲ. ಸುಮ್ಮನೆ ಫೋನಲ್ಲಿ ಈ ಸರಪಳಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಹುಡುಕಾಟ ನಾಲ್ಕು ನೂರು ವರ್ಷ ಹಿಂದಕ್ಕೆ, ವೆಸ್ಟ್ ಇಂಡೀಸಿನ ಒಂದು ಪುಟ್ಟ ದ್ವೀಪಕ್ಕೆ ಕರೆದುಕೊಂಡು ಹೋಯಿತು. ಈ ವಾರ ಆ ಕಥೆ ಹೇಳ್ತೀನಿ.

ಎಡ್ಮಂಡ್ ಗಂಟರ್ ಅನ್ನುವ ಇಂಗ್ಲಿಷ್ ಗಣಿತಜ್ಞ 1620ರಲ್ಲಿ ಭೂಮಿ ಅಳೆಯೋಕೆ ಒಂದು ಸರಪಳಿಯನ್ನು ರೂಪಿಸಿದ. ಉದ್ದ 66 ಅಡಿ, ಕೊಂಡಿಗಳು 100. ಇದರ ಜಾಣತನ ಇರೋದು ಲೆಕ್ಕದಲ್ಲಿ. ಹತ್ತು ಚದರ ಸರಪಳಿ ಅಂದರೆ ಸರಿಯಾಗಿ ಒಂದು ಎಕರೆ. ಹೆಚ್ಚು ಓದದವನೂ ಹೊಲದಲ್ಲಿ ನಿಂತು ಎಕರೆ ಲೆಕ್ಕ ಹಾಕಬಹುದು. ನಮ್ಮ ಸರ್ವೆಯಲ್ಲಿ ಬಂದ ಸರಪಳಿ ಅದರ ಅರ್ಧ, 33 ಅಡಿ, ಅದಕ್ಕೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಗುಣಿಸಿ: 1,089 ಚದರ ಅಡಿ. ಅದೇ ಒಂದು ಗುಂಟೆ. ಅದನ್ನ 40ರಿಂದ ಗುಣಿಸಿದರೆ 43,560, ಅಂದರೆ ಒಂದು ಎಕರೆ. ಫೋನ್ ಕೈಯಲ್ಲೇ ಇದೆಯಲ್ಲ, ಲೆಕ್ಕ ಮಾಡಿ ನೋಡಿ. ನಮ್ಮ ಪಹಣಿಯ ಎಕರೆ-ಗುಂಟೆ ಕಾಲಮ್ಮಿನ ಹಿಂದೆ ಆ ಇಂಗ್ಲಿಷ್ ಸರಪಳಿಯ ಅರ್ಧ ಇದೆ.

ಇಂಗ್ಲಿಷರು ಹೋದಲ್ಲೆಲ್ಲ ಎಕರೆ ಲೆಕ್ಕವೂ ಹೋಯಿತು. ಮೊದಮೊದಲು ಹೋದ ಜಾಗಗಳಲ್ಲಿ ಬಾರ್ಬಡೋಸ್ ಒಂದು.

ಬಾರ್ಬಡೋಸ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ 2024ರ ಜೂನ್ 29ರ ರಾತ್ರಿ ನೆನಪಾಗುತ್ತೆ. ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್, ಟಿ20 ವಿಶ್ವಕಪ್ ಫೈನಲ್, ಸೂರ್ಯಕುಮಾರ್ ಹಿಡಿದ ಆ ಕ್ಯಾಚ್, ಕೊನೆಗೆ ಕಪ್ ಎತ್ತಿ ಕೂಗಿದ ನಮ್ಮ ದ್ರಾವಿಡ್. ಆ ದ್ವೀಪ ಎಷ್ಟು ಚಿಕ್ಕದು ಗೊತ್ತಾ? ಸುಮಾರು 430 ಚದರ ಕಿಲೋಮೀಟರ್. ಉದ್ದ 34 ಕಿಲೋಮೀಟರ್. ಬೆಂಗಳೂರು ನಗರಕ್ಕಿಂತ ಚಿಕ್ಕದು.

1627ರಲ್ಲಿ ಇಂಗ್ಲಿಷರು ಅಲ್ಲಿ ನೆಲೆ ಊರೋಕೆ ಬಂದಾಗ ದ್ವೀಪದಲ್ಲಿ ಯಾರೂ ಇರಲಿಲ್ಲ. ಹಿಂದೆ ಅಲ್ಲಿ ಮೂಲನಿವಾಸಿಗಳು ಬದುಕಿದ್ದರು, ಆದರೆ ಆ ಹೊತ್ತಿಗೆ ಬರೀ ದಟ್ಟ ಕಾಡು. ಬಂದವರು ಮೊದಲು ತಂಬಾಕು, ಹತ್ತಿ ಬೆಳೆದರು. ಅಂಥಾ ಲಾಭ ಬರಲಿಲ್ಲ. 1640ರ ದಶಕದಲ್ಲಿ ಬ್ರೆಜಿಲಿನಿಂದ ಕಬ್ಬಿನ ವಿದ್ಯೆ ಕಲಿತರು. ಆಮೇಲೆ ಆ ದ್ವೀಪದ ಹಣೆಬರಹವೇ ಬದಲಾಯಿತು.

ಎಷ್ಟರಮಟ್ಟಿಗೆ ಅಂದರೆ, 500 ಎಕರೆಯ ಒಂದು ತೋಟ. ಸಕ್ಕರೆ ಶುರುವಾಗೋ ಮೊದಲು ಪೂರ್ತಿ ತೋಟವನ್ನ 400 ಪೌಂಡಿಗೆ ಕೊಳ್ಳಬಹುದಿತ್ತಂತೆ. 1647ರಲ್ಲಿ ಅದರ ಅರ್ಧ ಪಾಲು ಮಾರಾಟವಾಗಿದ್ದು 7,000 ಪೌಂಡಿಗೆ. ನಮ್ಮ ಏರ್‌ಪೋರ್ಟ್ ರಸ್ತೆಯ ಸೈಟಿನ ಕಥೆ ಕೇಳಿದ ಹಾಗಿದೆ, ಅಲ್ವಾ?

ಆದರೆ ಆ ಬೆಲೆಯಲ್ಲಿ ಭೂಮಿ ಮಾತ್ರ ಇರಲಿಲ್ಲ. ಗಿರಣಿ, ಬಾಯ್ಲರು, ದನಕರುಗಳ ಜೊತೆಗೆ 96 ಮಂದಿ ಆಫ್ರಿಕನ್ ಗುಲಾಮರು, ಮೂವರು ಮೂಲನಿವಾಸಿ ಹೆಂಗಸರು ಮತ್ತು ಅವರ ಮಕ್ಕಳು, 28 ಮಂದಿ ಬಿಳಿಯ ಜೀತದಾಳುಗಳು. ಎಲ್ಲ ಒಂದೇ ಪಟ್ಟಿ.

ಈ ಲೆಕ್ಕ ಬರೆದಿಟ್ಟವನು ರಿಚರ್ಡ್ ಲಿಗಾನ್. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಕಡೆಯವನಾಗಿ ಎಲ್ಲ ಕಳೆದುಕೊಂಡು, ಅರವತ್ತರ ಆಸುಪಾಸಿನ ವಯಸ್ಸಿನಲ್ಲಿ 1647ರಲ್ಲಿ ಬಾರ್ಬಡೋಸಿಗೆ ಹಡಗು ಹತ್ತಿದ. ಮೂರು ವರ್ಷ ಅಲ್ಲಿದ್ದ. ಆ 500 ಎಕರೆ ತೋಟದಲ್ಲೇ ಇದ್ದು ಕೆಲಸ ನೋಡಿಕೊಂಡ. ವಾಪಸ್ ಬಂದಮೇಲೆ ಸಾಲ ತೀರಿಸಲಾಗದೆ ಲಂಡನ್ನಿನ ಜೈಲು ಸೇರಿದ. ಜೈಲಲ್ಲಿ ಕೂತು ಪುಸ್ತಕ ಬರೆದ. 1657ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಒಂದು ನಕ್ಷೆ ಇದೆ. ಆ ದ್ವೀಪದ ಮೊದಲ ಮುದ್ರಿತ ನಕ್ಷೆ ಅದು. ಸ್ವಾನ್ ಅನ್ನುವ ಅನುಭವಿ ಸರ್ವೆಯರ್ ಮಾಡಿದ ಅಳತೆ ಅದಕ್ಕೆ ಆಧಾರ.

ಅದನ್ನ ನಾನು ಫೋನಲ್ಲಿ ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಪಶ್ಚಿಮದ ಕರಾವಳಿಯುದ್ದಕ್ಕೂ ಇರುವೆ ಸಾಲಿನ ಹಾಗೆ ಹೆಸರುಗಳು. ಸುಮಾರು 285 ತೋಟಗಳ ಮಾಲೀಕರ ಹೆಸರು. ಹಡಗು ನಿಲ್ಲೋದು ಆ ಕಡೆ, ಗಾಳಿಯ ಹೊಡೆತ ಕಡಿಮೆ ಆ ಕಡೆ, ಹಾಗಾಗಿ ಮೊದಲು ಹಂಚಿಕೆಯಾದದ್ದು ಆ ದಡ. ಒಳನಾಡಲ್ಲಿ ಒಂದು ದೊಡ್ಡ ತುಂಡಿನ ಮೇಲೆ, ಇದು ಲಂಡನ್ ವ್ಯಾಪಾರಿಗಳ ಹತ್ತು ಸಾವಿರ ಎಕರೆ ಅಂತ ಬರೆದಿದೆ. ಉಳಿದ ಖಾಲಿ ಜಾಗದಲ್ಲಿ ಚಿತ್ರಗಳು. ಕಾಡುಹಂದಿ, ಹೊರೆ ಹೊರುವ ಪ್ರಾಣಿಗಳು, ಒಂಟೆಗಳು ಕೂಡ. ನಿಜವಾಗಿಯೂ ಸಕ್ಕರೆ ಸಾಗಿಸೋಕೆ ಅಲ್ಲಿಗೆ ಒಂಟೆ ತರಿಸಿದ್ದರು.

ಇನ್ನೊಂದು ಚಿತ್ರ ಇದೆ. ಕುದುರೆ ಮೇಲೆ ಕೂತ ಒಬ್ಬ ಬಿಳಿಯ. ಅವನ ಬಂದೂಕಿನ ಮುಂದೆ ಓಡುತ್ತಿರುವ ಇಬ್ಬರು. ತಪ್ಪಿಸಿಕೊಂಡ ಗುಲಾಮರು.

ಇಡೀ ನಕ್ಷೆಯಲ್ಲಿ ಆಫ್ರಿಕನ್ನರು ಕಾಣಿಸೋದು ಓಡಿಹೋಗುವವರಾಗಿ. ದುಡಿಯುವವರಾಗಿ ಅಲ್ಲ. ದುಡಿದರೆ ಅದು ಮಾಲೀಕನ ಹೆಸರಿನೊಳಗೆ ಸೇರಿಹೋಗುತ್ತೆ, ಓಡಿದರೆ ಮಾತ್ರ ಬೇರೆ ಮನುಷ್ಯರಾಗಿ ಕಣ್ಣಿಗೆ ಬೀಳ್ತಾರೆ. ಬಸ್ಸಲ್ಲಿ ಈ ಚಿತ್ರ ನೋಡುತ್ತಾ ನನಗೆ ಸರಪಳಿ ಹಿಡಿದು ಸುಮ್ಮನೆ ನಿಂತ ಮಾವ ನೆನಪಾದರು. ಅಲ್ಲಿಯ ಗುಲಾಮಗಿರಿಯನ್ನೂ ನಮ್ಮ ಹೊಲದ ಮೂಲೆಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಬರಲ್ಲ, ನನಗೆ ಗೊತ್ತು. ಆದರೆ "ಬರೆಯೋದೇನೂ ಬೇಡ" ಅನ್ನುವ ಮಾತು ಮಾತ್ರ ಎರಡೂ ಕಡೆ ಒಂದೇ ಥರ ಕೇಳಿಸಿತು.

ಈ ನಕ್ಷೆಗಳನ್ನ ಯಾಕೆ ಮಾಡ್ತಿದ್ದರು? ದಾರಿ ತೋರಿಸೋಕಲ್ಲ. 34 ಕಿಲೋಮೀಟರ್ ದ್ವೀಪದಲ್ಲಿ ದಾರಿ ತಪ್ಪೋರು ಎಷ್ಟು ಜನ? ಇದು ಹಕ್ಕಿನ ಕಾಗದ. ಯಾರ ಬೇಲಿ ಎಲ್ಲಿಗೆ, ಯಾರ ಭೂಮಿ ಮೇಲೆ ಸಾಲ ಕೊಡಬಹುದು, ಸತ್ತರೆ ಯಾರಿಗೆ ಎಷ್ಟು, ಲಂಡನ್ನಿನಲ್ಲಿ ಕೂತ ಹಣವಂತ ಎಲ್ಲಿ ಬಂಡವಾಳ ಹಾಕಬೇಕು, ಇವಕ್ಕೆಲ್ಲ ಉತ್ತರ ಕೊಡುವ ಕಾಗದ.

ಇಪ್ಪತ್ತು ವರ್ಷ ಆಗುವುದರೊಳಗೆ, 1670ರ ದಶಕದಲ್ಲಿ, ರಿಚರ್ಡ್ ಫೋರ್ಡ್ ಅನ್ನುವ ಸರ್ವೆಯರ್ ಇನ್ನೊಂದು ನಕ್ಷೆ ಮಾಡಿದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಲಿಗಾನನ ನಕ್ಷೆಯಲ್ಲಿದ್ದ ಖಾಲಿ ಜಾಗ ಮಾಯ. ಹಂದಿ ಇಲ್ಲ, ಒಂಟೆ ಇಲ್ಲ, ಎಲ್ಲ ಕಡೆ ಹೆಸರುಗಳು. ಎಂಟು ನೂರಕ್ಕೂ ಹೆಚ್ಚು ತೋಟಗಳು. ಪ್ರತಿ ತೋಟದ ಗಿರಣಿ ಗಾಳಿಯಿಂದ ತಿರುಗೋದಾ, ನೀರಿನಿಂದಲಾ, ದನಗಳಿಂದಲಾ ಅಂತ ಬೇರೆ ಬೇರೆ ಗುರುತು. ಗಿರಣಿ ಯಾಕೆ ಅಷ್ಟು ಮುಖ್ಯ ಅಂದರೆ, ಮಂಡ್ಯ ಕಡೆಯವರಿಗೆ ಇದನ್ನ ಹೇಳಿಕೊಡಬೇಕಿಲ್ಲ, ಕಡಿದ ಕಬ್ಬು ಕಾಯಲ್ಲ. ಒಂದೆರಡು ದಿನದಲ್ಲಿ ಅರೆಯದಿದ್ದರೆ ರಸ ಕೆಡುತ್ತೆ. ಹಾಗಾಗಿ ಗಿರಣಿ ತೋಟದಲ್ಲೇ ಇರಬೇಕು, ಸುಗ್ಗಿಯಲ್ಲಿ ಹಗಲು ರಾತ್ರಿ ತಿರುಗಬೇಕು, ತಿರುಗಿಸುವವರು ಹಗಲು ರಾತ್ರಿ ನಿಲ್ಲಬೇಕು. ಬೆಲ್ಲ ಕಾಸೋಕೆ ಸೌದೆ ಬೇಕು, ಕಬ್ಬಿಗೆ ನೆಲ ಬೇಕು. 1660ರ ದಶಕ ಮುಗಿಯುವಷ್ಟರಲ್ಲಿ ಆ ದಟ್ಟ ಕಾಡು ಬಹುತೇಕ ಬಯಲಾಗಿತ್ತು.

ಫೋರ್ಡ್ ಕ್ವೇಕರ್ ಪಂಥದವನು. ಯುದ್ಧ ಒಪ್ಪದ, ಪಾದ್ರಿಗಳ ಅಧಿಕಾರ ಒಪ್ಪದ ಪಂಥ ಅದು. ಅವನ ನಕ್ಷೆಯಲ್ಲಿ ಚರ್ಚುಗಳೂ ಇಲ್ಲ, ಕೋಟೆಗಳೂ ಇಲ್ಲ! ಅಲ್ಲಿನ ಗವರ್ನರ್ ಇದನ್ನ ಲಂಡನ್ನಿಗೆ ಕಳಿಸುವಾಗ, ಮಾಡಿದವನು ಕ್ವೇಕರ್, ಅದಕ್ಕೇ ಬಿಟ್ಟಿದಾನೆ ಅಂತ ದೂರಿದ. ನಕ್ಷೆ ಮಾಡುವವನು ತನಗೆ ಬೇಡವಾದದ್ದನ್ನ ಬಿಡಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಕೋಟೆ ಬಿಟ್ಟರೆ ಗವರ್ನರಿಗೆ ಗೊತ್ತಾಗುತ್ತೆ. ಸಾವಿರಾರು ಗುಲಾಮರ ಗುಡಿಸಲು ಬಿಟ್ಟರೆ ದೂರು ಕೊಡೋರು ಯಾರು?

1680ರ ಗಣತಿ ಹೊತ್ತಿಗೆ 175 ದೊಡ್ಡ ತೋಟದ ಮಾಲೀಕರ ಕೈಯಲ್ಲಿ ದ್ವೀಪದ ಅರ್ಧಕ್ಕಿಂತ ಹೆಚ್ಚು ಭೂಮಿ, ಅರ್ಧಕ್ಕಿಂತ ಹೆಚ್ಚು ಗುಲಾಮರು ಸೇರಿಹೋಗಿದ್ದರು.

ಲಿಗಾನನ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಪ್ರಸಂಗ ಇದೆ. ನಕ್ಷೆಯಲ್ಲಿಲ್ಲ, ಬರಹದಲ್ಲಿದೆ. ಕಾಡಿನೊಳಗೆ ದಾರಿ ಕಡಿಸುವ ಕೆಲಸ ನಡೆದಿತ್ತು. ಲಿಗಾನನ ಕೈಯಲ್ಲಿ ದಿಕ್ಸೂಚಿ. ಮರ ಕಡಿಯುವ ಕೆಲಸದಲ್ಲಿದ್ದ ಒಬ್ಬ ಗುಲಾಮನನ್ನು ಸ್ಯಾಂಬೊ ಅಂತ ಕರೀತಿದ್ದರು. ಆ ಹೆಸರು ಮುಂದಿನ ಕಾಲದಲ್ಲಿ ಕರಿಯರನ್ನು ಹಂಗಿಸುವ ಬೈಗುಳವೇ ಆಯಿತು. ಅವನಿಗೆ ದಿಕ್ಸೂಚಿ ಕಂಡು ಕುತೂಹಲ. ಈ ಮುಳ್ಳು ಯಾಕೆ ತಿರುಗುತ್ತೆ, ಇದಕ್ಕೆ ಜೀವ ಇದೆಯಾ ಅಂತ ಕೇಳಿದ. ಲಿಗಾನ್ ಉತ್ತರ ದಿಕ್ಕು, ಕಬ್ಬಿಣದ ಸೆಳೆತ ಅಂತ ತನಗೆ ಗೊತ್ತಿದ್ದಷ್ಟು ವಿವರಿಸಿದ. ಸ್ಯಾಂಬೊ ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆಮೇಲೆ ಲಿಗಾನ್ ಹೇಳಿದ ಹಾಗೆ ತನ್ನ ಕೊಡಲಿಯನ್ನು ಮುಳ್ಳಿನ ಹತ್ತಿರ ತಂದ. ಮುಳ್ಳು ಅಲುಗಾಡಿತು.

ಯೋಚಿಸಿ ನೋಡಿ. ಬರೀ ಕೇಳಿದ್ದಷ್ಟೇ ಅಲ್ಲ, ಕೈಯಲ್ಲಿದ್ದ ಕೊಡಲಿಯಿಂದಲೇ ಪ್ರಯೋಗ ಮಾಡಿ ನೋಡಿದ. ವಿಜ್ಞಾನದ ಮೊದಲ ಪಾಠ ಅದೇ ಅಲ್ವಾ?

ಆಮೇಲೆ ಅವನು, ನಾನು ಕ್ರಿಶ್ಚಿಯನ್ ಆಗಬೇಕು ಅಂದ. ಈ ವಿದ್ಯೆಯೆಲ್ಲ ಕ್ರಿಶ್ಚಿಯನ್ನರ ಹತ್ತಿರ ಇದೆ, ಹಾಗಾಗಿ ಕ್ರಿಶ್ಚಿಯನ್ ಆದರೆ ಇದೆಲ್ಲ ಕಲಿಯಬಹುದು ಅಂತ ಅವನ ಲೆಕ್ಕ. ಲಿಗಾನ್ ಹೋಗಿ ತೋಟದ ಮಾಲೀಕನನ್ನ ಕೇಳಿದ. ಮಾಲೀಕ ಆಗಲ್ಲ ಅಂದ. ಇಲ್ಲಿ ಇಂಗ್ಲೆಂಡಿನ ಕಾನೂನು, ಕ್ರಿಶ್ಚಿಯನ್ನನನ್ನು ಗುಲಾಮ ಮಾಡೋಕೆ ಬರಲ್ಲ ಅಂದ. ನಾನು ಕೇಳ್ತಿರೋದು ಗುಲಾಮನನ್ನ ಕ್ರಿಶ್ಚಿಯನ್ ಮಾಡೋದು ಅಂದ ಲಿಗಾನ್. ಒಂದು ಸಲ ಮಾಡಿದರೆ ಗುಲಾಮರ ಮೇಲಿನ ಹಿಡಿತವೇ ತಪ್ಪಿಹೋಗುತ್ತೆ ಅಂತ ಮಾಲೀಕನ ಉತ್ತರ. ಅಲ್ಲಿಗೆ ಮಾತು ಮುಗಿಯಿತು. ಸ್ಯಾಂಬೊ ಹೊರಗೇ ಉಳಿದ. ಆ ದಾರಿ ಕಡಿದಿದ್ದು ಒಂದು ಚರ್ಚಿಗೆ ಹೋಗೋಕಂತೆ.

ಅದೇ ಪುಸ್ತಕದಲ್ಲಿ ಯಾರಿಕೊ ಅನ್ನುವ ಮೂಲನಿವಾಸಿ ಹೆಂಗಸೂ ಬರ್ತಾಳೆ. ದಡದಲ್ಲಿ ಸಿಕ್ಕಿಬಿದ್ದ ಒಬ್ಬ ಇಂಗ್ಲಿಷ್ ಹುಡುಗನನ್ನ ಬಚ್ಚಿಟ್ಟು, ಅನ್ನ ಹಾಕಿ ಉಳಿಸಿದವಳು. ಅವನ ಜೊತೆ ಹಡಗು ಹತ್ತಿ ಬಾರ್ಬಡೋಸಿಗೆ ಬಂದಳು. ದಡ ಮುಟ್ಟಿದ ಮೇಲೆ ಅವನು ಅವಳನ್ನ ಗುಲಾಮಳಾಗಿ ಮಾರಿದ. ಇವರಿಬ್ಬರ ಹೆಸರು ಉಳಿದದ್ದು ಒಬ್ಬ ಸಾಲಗಾರ ಜೈಲಲ್ಲಿ ಕೂತು ನೆನಪು ಮಾಡಿಕೊಂಡಿದ್ದರಿಂದ. ಅಳತೆಯ ಕಾಗದದಿಂದ ಅಲ್ಲ.

ಹಾಗಾದರೆ ನಕ್ಷೆ ಮಾಡೋರನ್ನ ಯಾರೂ ತಡೆಯಲೇ ಇಲ್ವಾ? ತಡೆದರು. ಬಾರ್ಬಡೋಸಿನ ಪಶ್ಚಿಮಕ್ಕೆ ಸೇಂಟ್ ವಿನ್ಸೆಂಟ್ ಅನ್ನುವ ದ್ವೀಪ ಇದೆ. 1763ರಲ್ಲಿ ಫ್ರಾನ್ಸ್ ಜೊತೆಗಿನ ಯುದ್ಧ ಮುಗಿದು ಅದು ಬ್ರಿಟಿಷರ ಪಾಲಿಗೆ ಬಂತು. ಅಳೆದು, ತುಂಡು ಮಾಡಿ, ಮಾರುವ ಕೆಲಸ ಶುರುವಾಯಿತು. ಆದರೆ ದ್ವೀಪದ ಪೂರ್ವ ಭಾಗದ ಒಳ್ಳೆಯ ನೆಲದಲ್ಲಿ ಕ್ಯಾರಿಬರು ಇದ್ದರು, ಆಫ್ರಿಕನ್ನರೂ ಮೂಲನಿವಾಸಿಗಳೂ ಬೆರೆತು ಬೆಳೆದ ಜನ. 1769ರಲ್ಲಿ ತಮ್ಮ ನಾಡಿನೊಳಗೆ ರಸ್ತೆ, ಸರ್ವೆ ಬರೋದನ್ನ ಅವರು ತಡೆದು ನಿಲ್ಲಿಸಿದರು. ಅಳತೆ ಬಂದರೆ ಹಿಂದೆಯೇ ಏನು ಬರುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಯುದ್ಧವಾಗಿ 1773ರಲ್ಲಿ ಒಪ್ಪಂದ ಆಯಿತು. 1776ರಲ್ಲಿ ಅಚ್ಚಾದ ಜಾನ್ ಬೈರ್ಸ್‌ನ ನಕ್ಷೆಯಲ್ಲಿ ಕ್ಯಾರಿಬರ ಜಾಗ ಅಂತ ಒಂದು ಭಾಗ ಇದೆ. ಗೆರೆ ಎಳೆಸಿಕೊಂಡರು ನಿಜ, ಆದರೆ ಆ ಗೆರೆ ಉಳಿಯಲಿಲ್ಲ. 1795ರಲ್ಲಿ ಮತ್ತೆ ಯುದ್ಧ. 1797ರಲ್ಲಿ ಅವರನ್ನ ಹಡಗಿಗೆ ತುಂಬಿ ಮಧ್ಯ ಅಮೆರಿಕದ ತೀರದ ರೊವಾಟಾನ್ ದ್ವೀಪಕ್ಕೆ ಸಾಗಿಸಿದರು. ದಾರಿಯಲ್ಲಿ, ಶಿಬಿರದಲ್ಲಿ ಸತ್ತವರು ಸಾವಿರಾರು. ಉಳಿದವರ ಮಕ್ಕಳು ಮೊಮ್ಮಕ್ಕಳು ಇವತ್ತು ಹೊಂಡುರಾಸ್, ಬೆಲೀಜ್ ಕಡೆ ಗರಿಫುನಾ ಅನ್ನುವ ಹೆಸರಲ್ಲಿ, ತಮ್ಮ ಭಾಷೆ ಹಾಡು ಉಳಿಸಿಕೊಂಡು ಬದುಕಿದ್ದಾರೆ.

ಬಾರ್ಬಡೋಸಿನಲ್ಲಿ ಗುಲಾಮರ ಹೆಸರು ಸರ್ಕಾರಿ ಪುಸ್ತಕಕ್ಕೆ ಸಾಲಾಗಿ ಏರಿದ್ದು 1817ರ ನೋಂದಣಿಯಲ್ಲಿ. ಅದೂ ಮಾಲೀಕರ ಆಸ್ತಿಯ ಲೆಕ್ಕವಾಗಿ. 1834ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾದಾಗ ಬ್ರಿಟನ್ ಪರಿಹಾರ ಅಂತ 2 ಕೋಟಿ ಪೌಂಡ್ ಕೊಟ್ಟಿತು. ಯಾರಿಗೆ? ಮಾಲೀಕರಿಗೆ. ಅದಕ್ಕಾಗಿ ಮಾಡಿದ ಸಾಲದ ಕೊನೆಯ ಭಾಗ ತೀರಿದ್ದು 2015ರಲ್ಲಿ. ಗುಲಾಮರಾಗಿದ್ದವರಿಗೆ ಒಂದು ಕಾಸೂ ಇಲ್ಲ, ಒಂದು ಗುಂಟೆಯೂ ಇಲ್ಲ. ಯಾಕಂದರೆ ಕಾಗದದಲ್ಲಿ ಹೆಸರಿದ್ದವರಿಗೆ ತಾನೇ ಪರಿಹಾರ?

ಅಲ್ಲೇ ನ್ಯೂಟನ್ ಅನ್ನುವ ಹಳೆಯ ತೋಟ ಇದೆ. 1970ರ ದಶಕದ ಆರಂಭದಲ್ಲಿ ಅಲ್ಲಿ ಉತ್ಖನನ ಮಾಡಿದವರಿಗೆ ಗುಲಾಮರ ಸ್ಮಶಾನ ಸಿಕ್ಕಿತು. ಸುಮಾರು 570 ಜನರನ್ನ ಅಲ್ಲಿ ಮಣ್ಣು ಮಾಡಿರಬೇಕು ಅಂತ ಅಂದಾಜು. ಹೆಸರು ಬರೆದ ಒಂದು ಕಲ್ಲೂ ಇರಲಿಲ್ಲ. ಬರೀ ತಗ್ಗಾದ ಮಣ್ಣಿನ ದಿಬ್ಬಗಳು.

ಬಸ್ಸು ಬೆಂಗಳೂರು ಮುಟ್ಟಿದಾಗ ಬೆಳಗಿನ ಐದು. ರೂಮಿಗೆ ಬಂದು, ಹಲ್ಲೂ ಉಜ್ಜದೆ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಆ ಹೊತ್ತಿಗೆ ಎದ್ದು ಕಾಫಿ ಕುಡೀತಿರ್ತಾರೆ.

"ಅಪ್ಪ, ಆ ಮೂಲೆ ಮನೆ ವಿಷಯ."

"ಯಾವ ಮೂಲೆ?"

"ಮಾವನ ಮನೆ. ಎರಡು ಗುಂಟೆ ಆಗಬಹುದು. ನಾಳೆ ನಿಮ್ಮಿಬ್ಬರ ನಂತರ ಯಾರಾದರೂ ಮಾರಿದರೆ ಅವರು ಎಲ್ಲಿಗೆ ಹೋಗ್ತಾರೆ? ಅಳೆದ ಕಾಗದದಲ್ಲಿ ಆ ಮನೆಯೇ ಇಲ್ಲ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೋಟ ಇಟ್ಟ ಸದ್ದು ಕೇಳಿಸಿತು. ಆಮೇಲೆ, "ಆವತ್ತು ನನಗೂ ಅನ್ನಿಸ್ತು ಕಣೋ. ಅಣ್ಣನ ಮುಂದೆ ಬಾಯಿ ಬರಲಿಲ್ಲ" ಅಂದರು. ಮತ್ತೆ ಸುಮ್ಮನಾಗಿ, "ನೀನೇ ಬಾ. ಕೂತು ಮಾತಾಡೋಣ" ಅಂದರು.

ಬರುವ ಶನಿವಾರಕ್ಕೆ ಟಿಕೆಟ್ ಬುಕ್ ಮಾಡಿದೀನಿ. ದೊಡ್ಡಪ್ಪ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಅಷ್ಟು ಚಿಕ್ಕ ಜಾಗವನ್ನ ಬರೆದುಕೊಡೋಕೆ ಕಾನೂನಿನಲ್ಲಿ ಏನು ದಾರಿ ಅಂತ ವಕೀಲರನ್ನ ಕೇಳಬೇಕು. ಸುಲಭ ಅಂತೂ ಅಲ್ಲ. ಆದರೆ ವಕೀಲರಿಗಿಂತ ಮೊದಲು, ದೊಡ್ಡಪ್ಪನಿಗಿಂತಲೂ ಮೊದಲು, ಮಾವನ ಮನೆ ಜಗುಲಿ ಮೇಲೆ ಹೋಗಿ ಕೂರಬೇಕು. ನಿಮಗೇನು ಬೇಕು ಮಾವ ಅಂತ ಕೇಳಬೇಕು. ಮೂವತ್ತು ವರ್ಷದಲ್ಲಿ ನಮ್ಮ ಮನೆಯವರು ಯಾರೂ ಅವರನ್ನ ಆ ಪ್ರಶ್ನೆ ಕೇಳಿಲ್ಲ.

ನಿಮ್ಮ ಮನೆಯ ಪಹಣಿ, ನಕ್ಷೆ ಎಲ್ಲೋ ಟ್ರಂಕಿನಲ್ಲೋ ಫೋನಿನ ಫೋಲ್ಡರಲ್ಲೋ ಇರುತ್ತೆ. ಈ ವಾರ ಒಮ್ಮೆ ತೆಗೆದು ನೋಡಿ. ಇರುವ ಹೆಸರು ಹೇಗೂ ಕಾಣುತ್ತೆ. ಇಲ್ಲದ ಹೆಸರು ಯಾವುದು ಅಂತ ಮನೆಯ ಹಿರಿಯರನ್ನ ಕೇಳಿ. ಸಿಕ್ಕಿದ್ದನ್ನ ನನಗೂ ಬರೆದು ಕಳಿಸಿ. ನಮ್ಮೂರಲ್ಲಿ ಏನಾಯಿತು ಅಂತ ಹೋಗಿ ಬಂದಮೇಲೆ ಹೇಳ್ತೀನಿ.